ಹಾಳೆ ತಟ್ಟೆಗೆ ವೆಂಡರ್ ಕೋಡ್

ಅಡಿಕೆ ಮರದಿಂದ ತಾನಾಗಿ ಬಿದ್ದ ಹಾಳೆಯನ್ನು ಹೆಕ್ಕಿ, ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಶಿರಸಿ ಕಡೆ ಇದನ್ನು ಮಾಡುವವರು ಬೇಕಾದಷ್ಟು ಜನ. ನಮ್ಮ ಭಾವನೂ ಒಬ್ಬ. ಈಗ ಒಂದು ದೊಡ್ಡ ಕಂಪನಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿ, ಕ್ಯಾಂಟೀನಿಗೆ ತಟ್ಟೆ ಬೇಕು ಅಂದಿದೆ. ಸ್ಯಾಂಪಲ್ ಒಪ್ಪಿಗೆಯಾಯಿತು, ರೇಟೂ ಕುದುರಿತು. ಇನ್ನು ‘ಒಂದು ಸಣ್ಣ ಫಾರ್ಮಾಲಿಟಿ’ ಬಾಕಿ. ವೆಂಡರ್ ಪೋರ್ಟಲ್‌ನಲ್ಲಿ, ಅಂದರೆ ಕಂಪನಿಗೆ ಮಾಲು ಕೊಡುವವರ ವೆಬ್‌ಸೈಟಿನಲ್ಲಿ, ನೋಂದಣಿ. ಅದಾದರೆ ವೆಂಡರ್ ಕೋಡ್.

ಪೋರ್ಟಲ್ ಕೇಳಿದ್ದು ನೋಡಿ. ನಿಮ್ಮ ಸಂಸ್ಥೆಯಲ್ಲಿ ಗುಲಾಮಗಿರಿ ತಡೆಯಲು ಲಿಖಿತ ನೀತಿ ಇದೆಯೇ? ಇದ್ದರೆ ಪಿಡಿಎಫ್ ಹಾಕಿ. ಸೈಬರ್ ದಾಳಿಯಾದರೆ ಎಷ್ಟು ಗಂಟೆಯೊಳಗೆ ತಿಳಿಸುತ್ತೀರಿ? ನಿಮ್ಮ ಮಾಲಿನ ಅಳತೆ ಡ್ರಮ್ಮಿನಲ್ಲೋ, ಬ್ಯಾರಲ್‌ನಲ್ಲೋ, ಪ್ಯಾಲೆಟ್‌ನಲ್ಲೋ? ‘ನೂರರ ಕಟ್ಟು’ ಅನ್ನುವುದು ಪಟ್ಟಿಯಲ್ಲೇ ಇಲ್ಲ. ಭಾವ ದೇವರ ಮೇಲೆ ಭಾರ ಹಾಕಿ ಬ್ಯಾರಲ್ ಒತ್ತಿದ. ನಮ್ಮಲ್ಲಿ ಸೈಬರ್ ದಾಳಿಗಿಂತ ಮಂಗನ ದಾಳಿ ಜಾಸ್ತಿ ಅಂತ ಬರೆಯಲು ಜಾಗ ಹುಡುಕಿದ, ಸಿಗಲಿಲ್ಲ.

ಒಟಿಪಿ ಬರಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಹತ್ತಿ, ಇಳಿದು, ಕಂಪ್ಯೂಟರ್ ಮುಂದೆ ಕೂರುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಕೊನೆಗೆ ತಂಗಿ ಗುಡ್ಡದ ಮೇಲೆ ನಿಂತು ಅಂಕಿ ಕೂಗುವುದು, ಭಾವ ಕೆಳಗೆ ಟೈಪ್ ಮಾಡುವುದು ಅಂತ ಆಯಿತು. ಎಂಟರ್‌ಪ್ರೈಸ್ ಇಂಟಿಗ್ರೇಷನ್, ಬೇರೆ ಬೇರೆ ವ್ಯವಸ್ಥೆಗಳನ್ನು ಜೋಡಿಸುವುದು, ಅಂದರೆ ಇದೇ ಇರಬೇಕು. ಬ್ಯಾರಲ್ ವಿಷಯಕ್ಕೆ ಸಹಾಯ ಕೇಳಿ ಹಾಕಿದ ಟಿಕೆಟ್ಟಿಗೆ ಯಾರೂ ಉತ್ತರಿಸಲಿಲ್ಲ. ‘ನಿಮ್ಮ ಸಮಸ್ಯೆ ಬಗೆಹರಿದಿದೆ, ದಯವಿಟ್ಟು ಸ್ಟಾರ್ ಕೊಡಿ’ ಅಂತ ಮೇಲ್ ಮಾತ್ರ ತಪ್ಪದೇ ಬಂತು.

ಹಾಗೆ ನೋಡಿದರೆ ಶಿರಸಿಗೆ ಖರೀದಿಯ ವಿದ್ಯೆ ಯಾರೂ ಕಲಿಸಬೇಕಿಲ್ಲ. ಅಡಿಕೆ ಟೆಂಡರ್ ದಿನ ಅಂಗಳಕ್ಕೆ ಬನ್ನಿ. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಎಲ್ಲ ಬೇರೆ ಬೇರೆ ಬಗೆಯ ಅಡಿಕೆ. ವ್ಯಾಪಾರಿ ಬೊಗಸೆ ತುಂಬ ಎತ್ತಿ ನೋಡುತ್ತಾನೆ. ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ಮುಖದಲ್ಲಿ ಏನೂ ತೋರಿಸುವುದಿಲ್ಲ. ರೇಟು ಅಲ್ಲೇ ಮನಸ್ಸಿನಲ್ಲಿ ಆಗಿಹೋಯಿತು. ಆಮೇಲೆ ಅದನ್ನು ಚೀಟಿಯಲ್ಲಿ ಬರೆದರೂ ಅಷ್ಟೇ, ಕಂಪ್ಯೂಟರಿಗೆ ಹಾಕಿದರೂ ಅಷ್ಟೇ. ಅಡಿಕೆಯನ್ನು ಬ್ಯಾರಲ್ ಅಂತ ತೋರಿಸಿ ಅಂತ ಯಾರೂ ಕೇಳುವುದಿಲ್ಲ. ಮೋಸ ಇಲ್ಲ ಅಂತಲ್ಲ. ಮೋಸ ಆದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಗೊತ್ತಿದೆ.

ದೊಡ್ಡ ಸಾಫ್ಟ್‌ವೇರಿನ ನಿಜವಾದ ವೈಭವ ನೋಡಬೇಕಾದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೇ ಹೋಗಬೇಕು. ಅಲ್ಲಿನ ನಗರಾಡಳಿತ ಸ್ಯಾಪ್ ಅನ್ನುವ ಹಳೆಯ ಲೆಕ್ಕದ ಸಾಫ್ಟ್‌ವೇರ್ ಕಿತ್ತು 2022ರ ಏಪ್ರಿಲ್‌ನಲ್ಲಿ ಅಮೆರಿಕದ ಒರಾಕಲ್ ಕಂಪನಿಯದ್ದನ್ನು ಹಾಕಿಸಿಕೊಂಡಿತು. ಮೊದಲ ಅಂದಾಜು ಸುಮಾರು 1.9 ಕೋಟಿ ಪೌಂಡ್. ಲೆಕ್ಕ ಬೆಳೆಯುತ್ತ 10 ಕೋಟಿ ದಾಟಿತು. ಬ್ಯಾಂಕಿನ ಲೆಕ್ಕ ಮಾತ್ರ ತಾಳೆ ಆಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನಗರಾಡಳಿತ ಖರ್ಚಿಗೆ ದುಡ್ಡಿಲ್ಲ ಅಂತ ಕೈಯೆತ್ತಿತು. ಸಮಾನ ವೇತನದ ಹಳೆಯ ಬಾಕಿಯ ಭಾರವೂ ಇತ್ತು, ಎಲ್ಲ ಪಾಪ ಸಾಫ್ಟ್‌ವೇರಿನದ್ದಲ್ಲ. ಇಷ್ಟಾದ ಮೇಲೆ ಏನು ಮಾಡಿದರು ಗೊತ್ತಾ? ಅದೇ ಒರಾಕಲನ್ನು ಮತ್ತೆ ಮೊದಲಿಂದ ಹಾಕಲು ಹೊರಟರು. ಭಕ್ತಿ ಅಂದರೆ ಇದು.

ಮಾರುವವರ ಜಾಣತನವನ್ನಂತೂ ಹೊಗಳಲೇಬೇಕು. ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿ 2022ರಲ್ಲಿ ಒರಾಕಲ್ ಬಗ್ಗೆ ಒಂದು ಆದೇಶ ಹೊರಡಿಸಿತು. ಅದರಲ್ಲಿ ನಮ್ಮ ದೇಶದ ಕಥೆಯೂ ಇದೆ. 2019ರಲ್ಲಿ ಇಲ್ಲಿನ ಮಾರಾಟದವರು, ಪೈಪೋಟಿ ಭಾರೀ ಇದೆ ಅಂತ ಮೇಲಿನವರಿಗೆ ಹೇಳಿ ಶೇ 70 ಡಿಸ್ಕೌಂಟ್ ಮಂಜೂರು ಮಾಡಿಸಿಕೊಂಡರು. ಗಿರಾಕಿ ರೈಲ್ವೆ ಸಚಿವಾಲಯದ ಪಾಲು ಜಾಸ್ತಿ ಇರುವ ಕಂಪನಿ. ಪೈಪೋಟಿ ಎಲ್ಲಿತ್ತು? ಒರಾಕಲ್ಲೇ ಬೇಕು ಅಂತ ಆ ಕಂಪನಿಯ ಖರೀದಿ ವೆಬ್‌ಸೈಟಿನಲ್ಲೇ ಹಾಕಿತ್ತು, ಯಾರು ಬೇಕಾದರೂ ನೋಡಬಹುದಿತ್ತು. ಡಿಸ್ಕೌಂಟಿನ ನೆಪದಲ್ಲಿ ಉಳಿಸಿ, ಅಧಿಕಾರಿಯೊಬ್ಬರಿಗೆ ಲಂಚ ಕೊಡಬಹುದಾದ 67,000 ಡಾಲರ್ ‘ಬಫರ್’ ಅನ್ನು ಮಾರಾಟದವನೊಬ್ಬ ಬರೆದಿಟ್ಟುಕೊಂಡಿದ್ದ. ಎಲ್ಲಿ? ಸ್ಪ್ರೆಡ್‌ಶೀಟ್‌ನಲ್ಲಿ! ಜಗತ್ತಿಗೆಲ್ಲ ಲೆಕ್ಕದ ಸಾಫ್ಟ್‌ವೇರ್ ಮಾರುವವನು, ತಪ್ಪಬಾರದ ಲೆಕ್ಕವನ್ನು ತನ್ನ ಸಾಫ್ಟ್‌ವೇರಿನ ಕೈಗೆ ಕೊಡಲಿಲ್ಲ. ಇದಕ್ಕಿಂತ ಪ್ರಾಮಾಣಿಕ ವಿಮರ್ಶೆ ನಾನು ಓದಿಲ್ಲ. ಟರ್ಕಿ, ಯುಎಇ ಪ್ರಕರಣಗಳೂ ಸೇರಿ ಕಂಪನಿ ಆರೋಪ ಒಪ್ಪದೆ, ಅಲ್ಲಗಳೆಯದೆ 2.3 ಕೋಟಿ ಡಾಲರ್‌ಗೂ ಮಿಕ್ಕಿ ಕಟ್ಟಿ ಕೈ ತೊಳೆದುಕೊಂಡಿತು.

ಕೊಳ್ಳುವವನು ಏಸಿ ಕೋಣೆಯಲ್ಲಿ ಕೂತು ಸ್ಲೈಡ್ ನೋಡುತ್ತಾನೆ. ದಿನಾ ಅದರ ಮುಂದೆ ಕೂತು ಒದ್ದಾಡುವವನು ಬೇರೆ. ಕೆಟ್ಟರೆ ‘ಬಳಕೆದಾರರಿಗೆ ತರಬೇತಿ ಸಾಲದು’ ಅನ್ನುತ್ತಾರೆ. ಎಲ್ಲಿವರೆಗೆ ನಗುವುದು? ಬ್ರಿಟನ್ನಿನ ಪೋಸ್ಟಾಫೀಸಿಗೆ ಫುಜಿತ್ಸು ಕಂಪನಿ ಕೊಟ್ಟ ಹೊರೈಜನ್ ಸಾಫ್ಟ್‌ವೇರ್ ಲೆಕ್ಕದಲ್ಲಿ ನಿಜಕ್ಕೂ ಇಲ್ಲದ ಹಣದ ಕೊರತೆಯನ್ನು ಇದೆ ಅಂತ ತೋರಿಸಿತು. ಊರೂರಲ್ಲಿ ಸಣ್ಣ ಪೋಸ್ಟಾಫೀಸು ನಡೆಸುತ್ತಿದ್ದವರು ಕೈಯಿಂದ ದುಡ್ಡು ಹಾಕಿ ತುಂಬಿದರು. ತುಂಬಲಾಗದವರನ್ನು ಕಳ್ಳರು ಅಂದರು. 900ಕ್ಕೂ ಜಾಸ್ತಿ ಜನಕ್ಕೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಕೆಲವರು ಜೀವವನ್ನೇ ಕಳೆದುಕೊಂಡರು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ. ಸಿಸ್ಟಮ್ ಹೇಳಿತು ಅನ್ನುವ ಒಂದೇ ಸಾಕ್ಷಿ ಸಾಕಾಗಿತ್ತು ಪೋಸ್ಟಾಫೀಸಿನ ಮೇಲಿನವರಿಗೆ. ಥೂ.

ನಮ್ಮಲ್ಲೂ ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿದೆ. ಎಲ್ಲಕ್ಕೂ ಒಂದೇ ಸಾಫ್ಟ್‌ವೇರ್. ಒಳ್ಳೆಯದೇ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಯಂತ್ರದ ಲೆಕ್ಕಕ್ಕೂ ಗುಮಾಸ್ತನ ಲೆಕ್ಕಕ್ಕೂ ವ್ಯತ್ಯಾಸ ಬಂದ ದಿನ ಯಾರನ್ನು ನಂಬುತ್ತೀರಿ, ಸ್ವಾಮಿ? ನಮ್ಮೂರ ಸೊಸೈಟಿಯ ಕಾರ್ಯದರ್ಶಿಗಂತೂ ಹೇಳಿದ್ದೇನೆ, ಹಳೇ ಲೆಡ್ಜರುಗಳನ್ನು ರದ್ದಿಗೆ ಹಾಕಬೇಡ ಮಾರಾಯಾ ಅಂತ.