ಬಟವಾಡೆ ತಡ ಆದ್ರೆ ಅದೆಂಥ ಬರ ಪರಿಹಾರ

ಇದು 2024ರ ಏಪ್ರಿಲ್‌ನಲ್ಲಿ ಬರೆದಿದ್ದು, ಇದರಲ್ಲಿರೋ ರೇಟು, ಕಾನೂನು ಎಲ್ಲಾ ಆಗಿನದ್ದೇ. ಯುಗಾದಿಗೆ ಅಂತ ಊರಿಗೆ ಹೋಗಿದ್ದೆ, ನಿನ್ನೆ ರಾತ್ರಿ ಬಂದೆ. ಬಂದಾಗಿಂದ ಒಂದು ಪಾಸ್‌ಬುಕ್ಕು ಕಣ್ಮುಂದಿಂದ ಹೋಗ್ತಿಲ್ಲ. ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ನಮ್ಮದು ತುಮಕೂರು ಜಿಲ್ಲೆ ಪಾವಗಡ ಕಡೆ. ಶುಕ್ರವಾರ ಬ್ಯಾಂಕ್ ಹತ್ರ ಪಕ್ಕದ ಮನೆ ಚಿಕ್ಕಮ್ಮ ಸಿಕ್ಕಿದ್ರು, ನಮ್ಮಮ್ಮನ ಜೊತೆ ಕೂಲಿ ಮಾಡಿದೋರು. ಎಲೆಅಡಿಕೆ ಚೀಲದೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ಪಾಸ್‌ಬುಕ್ ತೆಗೆದು, "ನೋಡಪ್ಪ, ಖಾತ್ರಿ ದುಡ್ಡು ಬಂದೈತಾ" ಅಂದ್ರು. ಖಾತ್ರಿ ಅಂದ್ರೆ ಉದ್ಯೋಗ ಖಾತ್ರಿ, ನರೇಗಾ ಕೂಲಿ. ಆಗಷ್ಟೇ ಎಂಟ್ರಿ ಹಾಕ್ಸಿದ್ರು, ಮಸಿ ಇನ್ನೂ ಸರಿಯಾಗಿ ಒಣಗಿರ್ಲಿಲ್ಲ. ಕೊನೇ ಸಾಲು ಗೃಹಲಕ್ಷ್ಮಿ 2,000. ಖಾತ್ರಿ ದುಡ್ಡು ಎಲ್ಲೂ ಇಲ್ಲ. ಫೆಬ್ರವರಿಯಲ್ಲಿ ಕೆರೆ ಹೂಳೆತ್ತಿದ ಹನ್ನೆರಡು ದಿನದ ಕೂಲಿ, ದಿನಕ್ಕೆ 316ರಂತೆ 3,792 ರೂಪಾಯಿ. ಇದು ಮೂರನೇ ಸಲವಂತೆ ಬಂದು ನೋಡ್ತಿರೋದು. ಬಸ್ ಫ್ರೀ ಇರೋದಕ್ಕೆ ಚಾರ್ಜು ಉಳೀತು, ಆದ್ರೆ ಬಂದ ದಿನದ ಕೂಲಿ ಹೋಯ್ತಲ್ಲ.

ಕಾನೂನಲ್ಲಿ ಏನಿದೆ? ಹದಿನೈದು ದಿನದೊಳಗೆ ಕೂಲಿ ಕೊಡಬೇಕು. ತಡ ಆದ್ರೆ ದಿನಕ್ಕೆ ಶೇ. 0.05 ಪರಿಹಾರ. ನಾನು ಅಲ್ಲೇ ಮೊಬೈಲಲ್ಲಿ ಲೆಕ್ಕ ಹಾಕ್ದೆ, 3,792ಕ್ಕೆ ದಿನಕ್ಕೆ ಎರಡು ರೂಪಾಯಿನೂ ಆಗಲ್ಲ. ಚಿಕ್ಕಮ್ಮ ಇದೇ ದುಡ್ಡು ಬರುತ್ತೆ ಅಂತ ನಂಬ್ಕೊಂಡು ಕೈಸಾಲ ತಂದಿದ್ದು ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಗೆ, ಅಂದ್ರೆ ಅಷ್ಟೇ ದುಡ್ಡಿಗೆ ದಿನಕ್ಕೆ ಆರು ರೂಪಾಯಿ ಮೇಲೆ. ಸಾಲ ತಂದಿದ್ದು ಯಾಕೆ ಅಂದ್ರೆ ಸಂಘದ ಕಂತು ಕಟ್ಟೋಕೆ. ಸಂಘದೋರು ಪ್ರತಿ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಬಂದು ಕೂರ್ತಾರೆ, ಮಳೆ ಬಂತಾ ಬೆಳೆ ಬಂತಾ ಅಂತ ಕೇಳಲ್ಲ, ಕಂತು ಕಟ್ಟದೆ ಎದ್ದು ಹೋಗಂಗಿಲ್ಲ. ತಗೊಳ್ಳೋರಿಗೆ ಗಂಟೆ ಲೆಕ್ಕ, ಕೊಡೋರಿಗೆ ತಿಂಗಳ ಲೆಕ್ಕ. ಇದು ಯಾವ ನ್ಯಾಯ ಅಂತ ನನಗೆ ನಿಜವಾಗ್ಲೂ ಅರ್ಥ ಆಗ್ತಿಲ್ಲ.

ಇದು ಮಾಮೂಲಿ ವರ್ಷ ಅಲ್ಲ ಸ್ವಾಮಿ. 1901ರಿಂದ ಲೆಕ್ಕ ಇಟ್ಟಿದಾರಲ್ಲ, ಅಷ್ಟರಲ್ಲಿ ದೇಶಕ್ಕೇ ಅತಿ ಕಮ್ಮಿ ಮಳೆ ಬಿದ್ದ ಆಗಸ್ಟ್ ಅಂದ್ರೆ 2023ದು. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ. ಮೊದಲ ಪಟ್ಟಿ ಸೆಪ್ಟೆಂಬರ್‌ನಲ್ಲೇ ಬಂತು, ಈಗ ಏಪ್ರಿಲ್. ರಾಜ್ಯ ಸರ್ಕಾರ ಕೇಂದ್ರದಿಂದ 18,171 ಕೋಟಿ ಕೇಳಿ ಕೇಳಿ ಸಾಕಾಗಿ ಹೋದ ತಿಂಗಳು ಸುಪ್ರೀಂ ಕೋರ್ಟಿಗೆ ಹೋಗಿದೆ. ಯಾರು ಸರಿ ಯಾರು ತಪ್ಪು ಅನ್ನೋದನ್ನ ಎಲೆಕ್ಷನ್ ಭಾಷಣದಲ್ಲಿ ಕೇಳ್ಕೊಳ್ಳಿ, ನಾನು ಹೇಳ್ತಿರೋದು ಬರೀ ತಡದ ಬಗ್ಗೆ. ಬರ ಅನ್ನೋದು ಒಂದೇ ಸಲ ಬಂದು ಬಡಿಯಲ್ಲ. ಮೊದಲು ಕಡ್ಲೆಕಾಯಿ ಒಣಗುತ್ತೆ, ಆಮೇಲೆ ಬೋರು ನಿಲ್ಲುತ್ತೆ, ಆಮೇಲೆ ದನ ಸಂತೆಗೆ ಹೋಗುತ್ತೆ, ಆಮೇಲೆ ಕಿವಿದು ಮೂಗಿಂದು ಅಡ ಹೋಗುತ್ತೆ, ಕೊನೆಗೆ ಮನೆಗೆ ಬೀಗ ಹಾಕಿ ಬೆಂಗಳೂರು ಬಸ್ಸು. ಇದರಲ್ಲಿ ಯಾವ ಮೆಟ್ಟಿಲಲ್ಲಿ ಕೈ ಹಿಡಿದ್ರಿ ಅನ್ನೋದೇ ಎಲ್ಲಾ. ದನ ಮಾರಿದ ಮೇಲೆ ಬಂದ ಕೂಲಿಯಿಂದ ದನ ವಾಪಸ್ ಬರಲ್ಲ.

ನಿಮ್ಮ ಕಡೆ ಸೋಲಾರ್ ಪಾರ್ಕ್ ಬಂತಲ್ಲ ಅಂತ ಕೇಳ್ತೀರ. ತಿರುಮಣಿ ಸುತ್ತ 13,000 ಎಕರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಅಂತ ಶುರುವಾಯ್ತು, ಮಳೆ ಬರ್ಲಿ ಬಿಡ್ಲಿ ಭೂಮಿ ಇದ್ದೋರಿಗೆ ದುಡ್ಡು, ಒಳ್ಳೇದೇ ಆಯ್ತು. ಆದ್ರೆ ಆ ಹೊಲಗಳಲ್ಲಿ ಕಳೆ ತೆಗೀತಿದ್ದ, ಕಾಯಿ ಬಿಡಿಸ್ತಿದ್ದ ಹೆಂಗಸರಿಗೆ ಗುತ್ತಿಗೆ ದುಡ್ಡು ಎಲ್ಲಿಂದ ಬರ್ಬೇಕು? ಅವ್ರಿಗೆ ಉಳಿದಿರೋದು ಖಾತ್ರಿ ಕೆಲ್ಸ ಒಂದೇ.

"ನರೇಗಾದಲ್ಲಿ ಬರೀ ಜೆಸಿಬಿ ಕೈಲಿ ಕೆಲ್ಸ ಮಾಡ್ಸಿ ಕೂಲಿ ಅಂತ ಬಿಲ್ಲು, ಅದಕ್ಕೇ ಚೆಕ್ಕಿಂಗು, ಅದಕ್ಕೇ ತಡ" ಅಂತ ಒಬ್ಬ ಫ್ರೆಂಡು ಹೋದ ವಾರ ವಾದ ಮಾಡ್ದ. ಜೆಸಿಬಿ ರಾತ್ರಿ ಬಂದು ಹೋಗೋದನ್ನ ನಾನೂ ನೋಡಿದೀನಪ್ಪ, ಇಲ್ಲ ಅನ್ನಲ್ಲ. ಆದ್ರೆ ಕಳ್ಳ ಬಿಲ್ಲು ಮಾಡೋನು ಕೂಲಿ ದುಡ್ಡಿಗೆ ಕಾದು ಊಟ ಮಾಡೋನಲ್ಲ, ಎರಡು ತಿಂಗಳು ತಡ ಆದ್ರೂ ಅವನಿಗೇನು? ಬಿಸಿಲಲ್ಲಿ ನಿಂತು ಹಾಜರಿಗೆ ಅಂತ ಬೆಳಿಗ್ಗೆ ಒಂದು ಫೋಟೋ, ಆಮೇಲೆ ಇನ್ನೊಂದು ಫೋಟೋ ತೆಗೆಸ್ಕೊಳ್ಳೋರು ಈ ಚಿಕ್ಕಮ್ಮನಂಥೋರು. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಸಿಗದೆ ಕಾಯಕ ಬಂಧು, ಅಂದ್ರೆ ಹಾಜರಿ ಹಾಕೋ ಹುಡುಗಿ, ಫೋನ್ ಎತ್ತಿಕೊಂಡು ಏರಿ ಮೇಲೆ ಓಡಾಡ್ತಿರ್ತಾಳೆ, ಅಪ್‌ಲೋಡ್ ಆಗ್ಲಿಲ್ಲ ಅಂದ್ರೆ ಎತ್ತಿದ ಮಣ್ಣು ಲೆಕ್ಕಕ್ಕಿಲ್ಲ. ಅದಾದ ಮೇಲೆ ಅಳತೆ, ಬಿಲ್ಲು, ಆಧಾರ್ ಲಿಂಕು. ಇಷ್ಟೆಲ್ಲ ದಾಟೋಷ್ಟರಲ್ಲಿ ಜನ ಬೇಸತ್ತು ಕೆಲ್ಸ ಕೇಳೋದನ್ನೇ ಬಿಡ್ತಾರೆ, ಆಮೇಲೆ ಆಫೀಸಲ್ಲಿ "ಈ ಊರಲ್ಲಿ ಡಿಮ್ಯಾಂಡೇ ಇಲ್ಲ" ಅಂತ ಬರ್ಕೊತಾರೆ. ಈ ಮಾತು ಕೇಳಿದಾಗ ಮೈ ಉರಿಯುತ್ತೆ ನನಗೆ. ಬರ ಬಿದ್ದ ಕಡೆ 100 ದಿನದ ಮೇಲೆ ಇನ್ನೂ 50 ದಿನ ಕೊಡೋಕೆ ಅವಕಾಶ ಇದೆ, ಕೊಡ್ಲಿ, ಬೇಕೇ ಬೇಕು. ಆದ್ರೆ ಮೊದಲ ಹನ್ನೆರಡು ದಿನದ್ದೇ ಬಂದಿಲ್ವಲ್ಲ?

ಒಂದು ವಿಷಯ ಇಲ್ಲಿವರೆಗೂ ಯಾರ ಹತ್ರಾನೂ ಹೇಳಿಲ್ಲ. 2002-03ರ ಬರದಲ್ಲಿ ನಮ್ಮಮ್ಮ "ಕೂಲಿಗಾಗಿ ಕಾಳು" ಕೆಲ್ಸಕ್ಕೆ, ಅಂದ್ರೆ ಕೂಲಿಗೆ ಧಾನ್ಯ ಕೊಡೋ ಸರ್ಕಾರಿ ಕೆಲ್ಸಕ್ಕೆ ಹೋಗ್ತಿದ್ರು. ಸ್ಕೂಲ್ ದಾರೀಲೇ ಆ ರೋಡ್ ಕೆಲ್ಸ. ತಲೆ ಮೇಲೆ ಬಾಂಡ್ಲಿ ಹೊತ್ಕೊಂಡಿರೋ ಅಮ್ಮನ್ನ ಕ್ಲಾಸಿನೋರು ನೋಡ್ತಾರೆ ಅಂತ ನಾನು ಹೊಲದ ಬದು ಹಿಡ್ದು ಸುತ್ತಾಕ್ಕೊಂಡು ಹೋಗ್ತಿದ್ದೆ. ಅಮ್ಮಂಗೆ ಅದು ಗೊತ್ತಿತ್ತು, ಯಾವತ್ತೂ ಕೇಳ್ಲಿಲ್ಲ. ಅದರಲ್ಲೂ ಕಂಟ್ರಾಕ್ಟರ್ ತಿಂತಿದ್ದ, ತೂಕದಲ್ಲಿ ಮೋಸ ಇತ್ತು, ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಆದ್ರೆ ಶನಿವಾರ ಸಂಜೆ ಚೀಲ ಮನೆಗೆ ಬರ್ತಿತ್ತು, ಭಾನುವಾರ ನಾವು ಅನ್ನ ತಿಂತಿದ್ವಿ. ಅದೊಂದು ಗ್ಯಾರಂಟಿ ಇತ್ತು ಅಂತ ಅಮ್ಮ ಆ ವರ್ಷ ಯಾರ ಹತ್ರಾನೂ ಕೈಸಾಲ ಮಾಡ್ಲಿಲ್ಲ.

ಈಗ ಬೆಂಗಳೂರಲ್ಲಿ ಮೇಸ್ತ್ರಿ ಶನಿವಾರ ಶನಿವಾರ ಬಟವಾಡೆ ಮಾಡ್ತಾನೆ. ನಮ್ಮೂರ ಹುಡುಗರು ಶೆಡ್ಡಲ್ಲಿ ಮಲಗಿದ್ರೂ ಅಲ್ಲೇ ಇರೋದು ಅದಕ್ಕೇನೇ. ಒಬ್ಬ ಮೇಸ್ತ್ರಿ ಕೈಲಾಗೋದು ಸರ್ಕಾರದ ಕೈಲಿ ಯಾಕಾಗಲ್ಲ? ಬರ ಅಂತ ಘೋಷಿಸಿದ ತಾಲ್ಲೂಕುಗಳಿಗಾದ್ರೂ ಮೊದಲೇ ಒಂದಷ್ಟು ದುಡ್ಡು ಜಿಲ್ಲೆಯಲ್ಲಿ ಇಟ್ಟಿರ್ಲಿ, ವಾರ ಮುಗಿದ ತಕ್ಷಣ ಕೂಲಿ ಹಾಕ್ಲಿ, ಡೆಲ್ಲಿ ಬೆಂಗಳೂರು ಲೆಕ್ಕ ಆಮೇಲೆ ಅವ್ರವ್ರೇ ಚುಕ್ತಾ ಮಾಡ್ಕೊಳ್ಲಿ. ಕಾಯೋ ಭಾರ ಚಿಕ್ಕಮ್ಮನ ತಲೆ ಮೇಲೆ ಯಾಕೆ?

ಇವತ್ತು ಬೆಳಿಗ್ಗೆ ಫೋನ್ ಮಾಡಿ ಈ ವಾರದ ಕಂತಿಗೆ ನಾನು ಹಾಕ್ತೀನಿ ಚಿಕ್ಕಮ್ಮ ಅಂದೆ. "ಬ್ಯಾಡ ಕಣಪ್ಪ, ಮುಂದಿನ ವಾರಕ್ಕೂ ನೀನೇ ಹಾಕ್ತೀಯಾ, ಕೂಲಿ 349 ಆಗೈತಂತೆ, ಕೆರೆ ಹತ್ರಾನೇ ಇದೀನಿ, ಫೋಟೋ ತೆಗೀತಾವ್ರೆ, ಇಡ್ತೀನಿ" ಅಂದ್ರು.