ತಲೆಗೆ ಪೆಟ್ಟಾದಾಗ ಸಿಟಿ ಸ್ಕ್ಯಾನ್ ಬೇಡ, ಎಂಆರ್‌ಐ ಕೇಳಿ ಅನ್ನೋದು ತಪ್ಪು

ಉಡುಪಿ, ಮಂಗಳೂರು ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಅಪಘಾತವಾಗಿ ತಲೆಗೆ ಪೆಟ್ಟಾದರೆ ಸಿಟಿ ಸ್ಕ್ಯಾನ್‌ಗೆ ಒಪ್ಪಬೇಡಿ, ವಿಕಿರಣ ಜಾಸ್ತಿ, ಎಂಆರ್‌ಐ ಮಾಡಿಸಿ ಅಂತ. ದಯವಿಟ್ಟು ನಂಬಬೇಡಿ.

ಸಿಟಿ ಎಕ್ಸ್-ರೇ ಬಳಸುತ್ತದೆ, ಎಂಆರ್‌ಐ ಬಲವಾದ ಆಯಸ್ಕಾಂತ ಬಳಸುತ್ತದೆ; ಎಂಆರ್‌ಐಯಲ್ಲಿ ಅಂಥ ವಿಕಿರಣ ಇಲ್ಲ, ಅದು ನಿಜ. ಆದರೆ ಅದಕ್ಕೆ ಹೊತ್ತು ಜಾಸ್ತಿ, ಅಷ್ಟೂ ಹೊತ್ತು ಅಲ್ಲಾಡದೆ ಮಲಗಬೇಕು, ಮೈಯೊಳಗೆ ಲೋಹ ಇದೆಯಾ ಅಂತ ಮೊದಲೇ ಗೊತ್ತಿರಬೇಕು; ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದು ಎಚ್ಚರ ತಪ್ಪಿ ಬಂದವರನ್ನು ಇದೆಲ್ಲ ಕೇಳೋದಕ್ಕಾಗುತ್ತದಾ? ತಲೆಯ ಸಿಟಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ತಾಜಾ ರಕ್ತಸ್ರಾವ ಅದರಲ್ಲಿ ಬೆಳ್ಳಗೆ ಕಾಣುತ್ತದೆ, ಮೂಳೆಯ ಬಿರುಕೂ ಗೊತ್ತಾಗುತ್ತದೆ. ವಿಕಿರಣ ಸುಮಾರು 2 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಹೆಚ್ಚುಕಮ್ಮಿ ವರ್ಷವಿಡೀ ನೆಲ, ಗಾಳಿ, ಆಕಾಶದಿಂದ ನಮಗೆ ಸುಮ್ನೆ ಸಿಗುವಷ್ಟು.

ಸಿಟಿ ಬೇಕಾಗೋದು ತಲೆಗೆ ಮಾತ್ರ ಅಲ್ಲ. ಕಳೆದ ಮಳೆಗಾಲ ನನ್ನ ಭಾವ ಪಡುಬಿದ್ರಿ ಹತ್ತಿರ ಸ್ಕೂಟರ್ ಜಾರಿ ಬಿದ್ದಾಗ, ಒದ್ದೆ ಅಂಗಿಯನ್ನು ಕತ್ತರಿಸಿ, ಸ್ಟ್ರೆಚರ್ ಮೇಲೆಯೇ ಹೊಟ್ಟೆಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡಿದರು. ಅದಕ್ಕೆ ಫಾಸ್ಟ್ ಅಂತಾರೆ. ಹೊಟ್ಟೆಯೊಳಗೆ, ಹೃದಯದ ಸುತ್ತ ರಕ್ತ ತುಂಬಿದೆಯಾ ಅಂತ ನೋಡೋದು. ಅದು ನಾರ್ಮಲ್ ಬಂತು, ಆದರೂ ಹೊಟ್ಟೆಯ ಸಿಟಿಗೆ ಕರೆದೊಯ್ದರು, ಯಾಕೆಂದರೆ ಫಾಸ್ಟ್‌ನಲ್ಲಿ ಎಲ್ಲ ಗಾಯ ಕಾಣೋದಿಲ್ಲ. ಗುಲ್ಮದಲ್ಲಿ (ಹೊಟ್ಟೆಯ ಎಡಗಡೆ ಮೇಲಿರುವ ಅಂಗ, ಸ್ಪ್ಲೀನ್) ಸಣ್ಣ ಸೀಳು ಸಿಕ್ಕಿದ್ದು ಆಗಲೇ.