ಹಿಂದಿನ ಶಿಲ್ಕು

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ನನ್ನ ಟೇಬಲ್ ಮೇಲಿನ, ಬಾಕಿ ಕೆಲಸ ಬರೆದಿಡೋ ಉದ್ದ ನೋಟ್‌ಬುಕ್ ನೋಡಿ, "ಮೇಡಂ, ಇದಕ್ಕೊಂದು ಆ್ಯಪ್ ಬರ್ತದ್ರಿ, ಹಾಕ್ಕೊಡ್ಲೇನು?" ಅಂದ. ಪಾಪ, ಸಹಾಯ ಮಾಡೋಕೇ ಬಂದವನು. ಅಂಥ ಆ್ಯಪ್ ನನ್ನ ಫೋನಿನಲ್ಲಿ ಮೂರಿದ್ದವು, ಮೂರನ್ನೂ ತೆಗೆದುಹಾಕಿದ್ದೀನಿ ಅಂತ ನಿಂತ ಕಾಲ ಮೇಲೆ ಅವನಿಗೆ ವಿವರಿಸೋಕೆ ಆಗಲಿಲ್ಲ. ಇಲ್ಲಿ ಹೇಳ್ತೀನಿ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ನೋಡ್ತೀನಿ. ಲೆಕ್ಕ ಅನ್ನೋದು ಹೆಸರಿಗೆ ಮಾತ್ರ. ತೊಗರಿ ಸುಗ್ಗಿ ಬಂತಂದ್ರೆ ಲಾರಿ ಡ್ರೈವರ್‌ಗಳ ಫೋನು, ಹಮಾಲರ ಪಗಾರ, ದಲಾಲರ ಬಾಕಿ, ಖಾಲಿ ಚೀಲ, ಕರೆಂಟ್ ಬಿಲ್ಲು ಎಲ್ಲಾ ನನ್ನ ಟೇಬಲ್ಲಿಗೇ ಬರ್ತಾವೆ. ವಾಟ್ಸ್‌ಆ್ಯಪ್‌ನಲ್ಲಿ ಆರು ಗ್ರೂಪು. ಒಳಗೆ ರೋಲರ್ ತಿರುಗೋ ಸದ್ದಿಗೆ ಅಲಾರಂ ಕೇಳಿಸೋದಿಲ್ಲ. ಕೇಳಿಸಿದರೂ ಹೊಟ್ಟಿನ ಧೂಳು ಮೆತ್ತಿದ ಬೆರಳಿಗೆ ಸ್ಕ್ರೀನ್ ಜಗ್ಗೋದಿಲ್ಲ.

ಎರಡು ವರ್ಷದ ಹಿಂದೆ ಆಳಂದ ಕಡೆಯ ರೈತರೊಬ್ಬರು ಮಾಲು ತಂದಿದ್ದರು. 18 ಚೀಲ. ಕಾಟಾ ಚೀಟಿಯಲ್ಲಿ, ಅಂದ್ರೆ ತೂಕದ ಚೀಟಿಯಲ್ಲಿ, 16 ಅಂತ ಬಿದ್ದಿತ್ತು. ತಪ್ಪು ನಮ್ಮದೇ. "ನಾಳೆ ತಿದ್ದಿಸಿ ಇಟ್ಟಿರ್ತೀನ್ರಿ ಕಾಕಾ" ಅಂದೆ, ಫೋನಿನಲ್ಲಿ ರಿಮೈಂಡರ್ ಹಾಕಿದೆ, ನೆಮ್ಮದಿಯಾಯ್ತು. ಆ ನೆಮ್ಮದಿಯೇ ಮೋಸ. ಮರುದಿನ ಅದು ಬಡಕೊಂಡಾಗ ನಾನು ಗೇಟಿನ ಹತ್ತಿರ ಒಬ್ಬ ಡ್ರೈವರ್ ಜೊತೆ ಜಗಳದಲ್ಲಿದ್ದೆ. ಬೆರಳಿನಿಂದ ಸರಿಸಿದೆ. ಮತ್ತೆ ಬಡಕೊಂಡಿತು, ಮತ್ತೆ ಸರಿಸಿದೆ. ಆ ಮನುಷ್ಯ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಮೂರು ಸಲ ಬಂದರು. ಮೂರನೇ ಸಲವೂ ಬೈಯಲಿಲ್ಲ. "ಇನ್ನೊಂದ್ ಸಲ ಬಂದೆ ಅಂದ್ರ ಆ ಎರಡು ಚೀಲ ಬಸ್ಸಿನವಂಗೇ ಹೋಗ್ತಾವ್ರಿ" ಅಂತ ನಕ್ಕು ಬೆಂಚಿನ ಮೇಲೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎಣಿಸಿ ನೋಡಿದೆ, ಆ ರಿಮೈಂಡರನ್ನು ಒಂಬತ್ತು ಸಲ ಮುಂದಕ್ಕೆ ತಳ್ಳಿದ್ದೆ. ಒಂಬತ್ತು ಸಲವೂ ಮಾಡಿದ್ದು ಒಂದೇ ಕೆಲಸ, ಅರ್ಧ ಸೆಕೆಂಡಿನದು, ನನಗೇ ಗೊತ್ತಾಗದಂಥದ್ದು.

ನಮ್ಮಲ್ಲಿ ಆಗಿನ್ನೂ ಕೈಯಿಂದ ಲೆಕ್ಕ ಬರೆಯೋ ಹಳೇ ಮುನೀಮರೊಬ್ಬರಿದ್ದರು. ಕಂಪ್ಯೂಟರ್ ಬಂದ ಮೇಲೂ ಮಾಲಕರು ಅವರನ್ನು ಬಿಡಿಸಿರಲಿಲ್ಲ. ಕೆಂಪು ಬಟ್ಟೆ ಹೊದಿಸಿದ ಕಿರ್ದಿ (ದಿನದ ಜಮಾ-ಖರ್ಚು ಬರೆಯೋ ಪುಸ್ತಕ), ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಮೊದಲ ಪುಟದಲ್ಲಿ. ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಯವ್ವಾ, ನಿನ್ನಿ ಶಿಲ್ಕ ಬರೀಲಾರ್ದ ಇವತ್ತಿನ ಕಿರ್ದಿ ಯಾರರ ಚಾಲೂ ಮಾಡ್ತಾರೇನು?"

ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ದಿನದ ಕೊನೆಗೆ ಕೈಯಲ್ಲಿ ಉಳಿದದ್ದು ಅಖೈರು ಶಿಲ್ಕು. ಮರುದಿನದ ಪುಟದ ಮೊದಲ ಸಾಲಿನಲ್ಲಿ ಅದನ್ನೇ ಆರಂಭದ ಶಿಲ್ಕು ಅಂತ ಮತ್ತೆ ಕೈಯಿಂದ ಬರೀಬೇಕು. ಬರೀದೆ ಮುಂದಿನ ಸಾಲಿಗೆ ಹೋಗೋ ಹಾಗಿಲ್ಲ. ದುಡ್ಡಿಗೆ ಇಷ್ಟು ಮರ್ಯಾದೆ ಕೊಡ್ತೀವಿ, ಮಂದಿಗೆ ಕೊಟ್ಟ ಮಾತಿಗೆ ಕೊಡಲ್ಲ.

ಅವತ್ತಿನಿಂದ ನನ್ನದು ಇಷ್ಟೇ. 200 ಪುಟದ ಸಾದಾ ನೋಟ್‌ಬುಕ್, ದಿನಕ್ಕೊಂದು ಪುಟ. ಬೆಳಿಗ್ಗೆ ಬಂದು ಚಹಾ ಬರೋದರೊಳಗೆ ನಿನ್ನೆ ಮುಗಿಯದೇ ಉಳಿದದ್ದನ್ನೆಲ್ಲ ಇವತ್ತಿನ ಪುಟದ ತಲೆಗೆ ಇಳಿಸ್ತೀನಿ. ಎಷ್ಟನೇ ದಿನ ಅಂತ ಪಕ್ಕದಲ್ಲಿ ಒಂದು ಅಂಕಿ. ಆಮೇಲೇ ಹೊಸ ಕೆಲಸ. ಮುಗಿದದ್ದಕ್ಕೆ ಒಂದೇ ಗೆರೆ ಎಳೀತೀನಿ, ಕೆಳಗಿನ ಅಕ್ಷರ ಕಾಣೋ ಹಾಗೆ. ಕಿರ್ದಿಯಲ್ಲಿ ಗೀಚಿ ಕಪ್ಪು ಮಾಡೋದು ಮುನೀಮರಿಗೆ ಆಗಿಬರ್ತಿರಲಿಲ್ಲ.

ಒಂದು ಹೆಸರನ್ನು ನಾಲ್ಕನೇ ಬೆಳಿಗ್ಗೆ ನಾಲ್ಕನೇ ಸಲ ಬರೆಯುವಾಗ ಕೈಗೆ ನಾಚಿಕೆಯಾಗ್ತದೆ, ನಿಜವಾಗಿ. ಹೆಚ್ಚಿನ ಸಲ ಸಾಲು ಪೂರ್ತಿಯಾಗೋ ಮೊದಲೇ ಎದ್ದು ಹೋಗಿ ಆ ಕೆಲಸ ಮುಗಿಸಿ ಬಂದಿದ್ದೀನಿ.

ಆಮೇಲೆ ಗೊತ್ತಾಯ್ತು, ಅಮೆರಿಕದ ರೈಡರ್ ಕ್ಯಾರೊಲ್ ಅನ್ನೋ ಡಿಸೈನರ್ 2013ರಲ್ಲಿ ಜಗತ್ತಿನ ಮುಂದಿಟ್ಟ, ನೋಟ್‌ಬುಕ್ಕಿನಲ್ಲಿ ಕೆಲಸ ಬರೆದಿಡೋ ಪದ್ಧತಿಯಾದ ಬುಲೆಟ್ ಜರ್ನಲ್‌ನಲ್ಲೂ ಇದೇ ಇದೆ, ಅಲ್ಲಿ ಅದರ ಹೆಸರು ಮೈಗ್ರೇಶನ್. (ಬಣ್ಣದ ಪೆನ್ನು, ಸ್ಟಿಕ್ಕರು, ಹೂಬಳ್ಳಿ ಎಲ್ಲಾ ಆಮೇಲೆ ಜನ ಅಂಟಿಸಿಕೊಂಡದ್ದು. ನನಗೆ ಅದಕ್ಕೆ ಪುರುಸೊತ್ತಿಲ್ಲ.) ಆದರೆ ಒಂದು ಕಡೆ ಅವರದ್ದೂ ನನ್ನದೂ ಕೂಡೋದಿಲ್ಲ. ಮತ್ತೆ ಬರೆಯೋ ಶ್ರಮಕ್ಕೂ ಬಾಳದ ಕೆಲಸವಾದರೆ ಅದು ಮುಖ್ಯವಲ್ಲ, ಬಿಟ್ಟುಬಿಡಬಹುದು ಅಂತಾರೆ. ಸ್ವಂತ ಕನಸು, ಸ್ವಂತ ಯೋಜನೆ ಇರೋರಿಗೆ ಅದು ಸರಿ. ನಮ್ಮಂಥ ನೌಕರಿಯಲ್ಲಿ ಮತ್ತೆ ಬರೆಯೋಕೆ ಬೇಸರ ತರಿಸೋ ಸಾಲೇ ಬೇರೆ ಯಾರೋ ಬೆಂಚಿನ ಮೇಲೆ ಕೂತು ಕಾಯ್ತಿರೋ ಕೆಲಸ. ಜರಡಿ ಹಿಡಿಯೋಕೆ ಅದು ನನ್ನ ಕಾಳಲ್ಲ, ಅವರ ಬಾಕಿ.

ರಾತ್ರಿಯೂ ಒಂದಿಷ್ಟು ಬರೆದಿಡ್ತೀನಿ. 2018ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನ ಯುವಕ ಯುವತಿಯರಿಗೆ ಮಲಗೋ ಮುಂಚೆ ಐದು ನಿಮಿಷ ಬರೆಯೋಕೆ ಕೊಟ್ಟು ನೋಡಿದರಂತೆ. ಮುಂದೆ ಮಾಡಬೇಕಾದ್ದನ್ನು ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆ ಹೋದರು. ಅದು ಅಲ್ಲಿಯ ತಣ್ಣನೆ ಲ್ಯಾಬಿನ ಮಾತು. ಮೇ ತಿಂಗಳಲ್ಲಿ ಕರೆಂಟು ಹೋದ ಕಲಬುರಗಿ ರಾತ್ರಿಯಲ್ಲಿ ಆ ಒಂಬತ್ತು ನಿಮಿಷ ಸಿಗ್ತದೆ ಅಂತ ನಾನು ಮಾತು ಕೊಡಲಾರೆ. ಆದರೂ ತಲೆಯೊಳಗಿನ ಗದ್ದಲ ಕಡಿಮೆಯಾಗೋದು ಖರೆ.

ಫೋನನ್ನು ಪೂರ್ತಿ ಬಿಟ್ಟಿಲ್ಲ, ಅಷ್ಟು ಹುಚ್ಚಿಲ್ಲ. ತಿಂಗಳ ಜಿಎಸ್‌ಟಿ ರಿಟರ್ನುಗಳಲ್ಲಿ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20 ಅನ್ನೋದು ಫೋನೇ ಕೂಗಿ ಹೇಳಬೇಕು. ನೋಟ್‌ಬುಕ್ ಕೂಗೋದಿಲ್ಲ. ಹುಡುಕೋಕೂ ಬರೋದಿಲ್ಲ, ಹೋದ ವರ್ಷದ ಒಂದು ಲಾರಿ ನಂಬರಿಗೆ ಅರ್ಧ ಗಂಟೆ ಪುಟ ತಿರುವಿದ್ದೀನಿ. ಒಂದು ಸಲ ಪೂರ್ತಿ ಫೆಬ್ರವರಿ ಚಹಾದಲ್ಲಿ ತೊಯ್ದುಹೋಗಿತ್ತು. ಇನ್ನೊಂದು, ಲೆಕ್ಕದವಳಾಗಿ ಹೇಳದೇ ಇರಲಾರೆ: 2025ರ ಸೆಪ್ಟೆಂಬರ್ 22ರಿಂದ ಶಾಲೆ ಮಕ್ಕಳ ನೋಟ್‌ಬುಕ್ಕಿಗೆ ಜಿಎಸ್‌ಟಿ ಸೊನ್ನೆ, ಲೆಕ್ಕದ ಪುಸ್ತಕಕ್ಕೆ ಮಾತ್ರ 18 ಪರ್ಸೆಂಟ್. ನನ್ನದು ಶಾಲೆ ಮಕ್ಕಳದ್ದೇ.

ಈ ಜನವರಿಯಲ್ಲಿ ಆ ಆಳಂದದ ಕಾಕಾ ಮತ್ತೆ ಬಂದಿದ್ದರು. ಚೀಟಿಯಲ್ಲಿ ಊರಿನ ಹೆಸರು ತಪ್ಪಾಗಿತ್ತು. "ಮಧ್ಯಾಹ್ನದೊಳಗ ಮಾಡಿಸ್ತೀನ್ರಿ, ನೀವು ಉಂಡು ಬರ್ರಿ" ಅಂದೆ. ಅವರು ಹೋಗಲಿಲ್ಲ. ಟೇಬಲ್ ಹತ್ತಿರ ಬಂದು ಬಗ್ಗಿ ನೋಡಿದರು. "ಮೊದಲ ಅದರಾಗ ಬರಕೊಳ್ರಿ, ಆಮ್ಯಾಲ ಹೋಗ್ತೀನಿ." ಬರೆದೆ. ಅಕ್ಷರ ಅಕ್ಷರ ಓದಿದರು. "ಇಲ್ಲೂ ಒಂದು ಒತ್ತು ಬಿಟ್ಟೀರಿ ನೋಡ್ರಿ" ಅಂತ ಬೆರಳಿಟ್ಟು ತೋರಿಸಿ ಊಟಕ್ಕೆ ಹೊರಟರು.